ಶೀಘ್ರಲಿಪಿ ಕಲಿಯುವವರಿಗೆ

ಅತ್ತಿಬೆಲೆಯ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿದ ಕಾರ್ಮಿಕನೊಬ್ಬನು ಆನೇಕಲ್ಲಿನ ನ್ಯಾಯಾಲಯದಲ್ಲಿ ಹೇಳಿಕೆ ಕೊಡುತ್ತಿರುವನೆಂದು ಭಾವಿಸಿಕೊಳ್ಳಿ. “ಕಾಲು ಮುರಿಯಿತು, ಕೋಲು ಹಿಡಿದೆ, ಕೂಲಿ ನಿಂತಿತು” ಎನ್ನುತ್ತಾನೆ. ಇಷ್ಟು ಹೇಳಲು ಅವನಿಗೆ ನಾಲ್ಕು ಸೆಕೆಂಡು ಸಾಕು. ನಾವು ಒತ್ತು, ದೀರ್ಘ, ಕೊಂಬುಗಳನ್ನು ಕೊಟ್ಟು ಬರೆದು ಮುಗಿಸುವಷ್ಟರಲ್ಲಿ ಅವನು ಮುಂದಿನ ಮಾತಿಗೆ ಹೋಗಿರುತ್ತಾನೆ. ಈ ಅಂತರವನ್ನು ತುಂಬಲೆಂದೇ ಶೀಘ್ರಲಿಪಿ ಹುಟ್ಟಿತು.

ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಕ್ರಮದ ಮೂಲಸೂತ್ರ ಸರಳವಾದುದು: ಕಾಗುಣಿತವನ್ನು ಬಿಡಿ, ಕಿವಿಗೆ ಬಿದ್ದ ಧ್ವನಿಯನ್ನು ಬರೆಯಿರಿ. ಅಡ್ಡವಾದ ತೆಳುಗೆರೆ ‘ಕ’. ಅದನ್ನೇ ಒತ್ತಿ ದಪ್ಪಮಾಡಿದರೆ ‘ಗ’. ನೆಟ್ಟಗೆ ಇಳಿದ ತೆಳುಗೆರೆ ‘ಟ’, ದಪ್ಪಗೆರೆ ‘ಡ’. ವರ್ಗಾಕ್ಷರಗಳನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ ಕನ್ನಡಿಗರಿಗೆ ಈ ಜೋಡಿಗಳು ಅಪರಿಚಿತವಲ್ಲ. ಆದರೆ ಳ, ಣ ಮುಂತಾದ ನಮ್ಮ ಧ್ವನಿಗಳಿಗೆ ಇಂಗ್ಲಿಷ್ ಕ್ರಮದಲ್ಲಿ ಎಡೆಯಿಲ್ಲ. ಆದುದರಿಂದ ಕನ್ನಡಕ್ಕೆಂದೇ ಹೊಂದಿಸಿದ ಪಠ್ಯವೊಂದನ್ನು ಹಿಡಿದು, ಕೊನೆಯವರೆಗೆ ಅದನ್ನೇ ಅನುಸರಿಸುವುದು ಮೇಲು.

ಸ್ವರಗಳಿಗೆ ಚುಕ್ಕೆಗಳೂ ಸಣ್ಣ ಗೀಟುಗಳೂ ಉಂಟು. ವೇಗ ಹೆಚ್ಚಿದಂತೆ ಇವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. ಆಗ ನಮ್ಮ ಕಾರ್ಮಿಕನ ಕಾಲು, ಕೋಲು, ಕೂಲಿ ಮೂರಕ್ಕೂ ಉಳಿಯುವುದು ಕಕಾರ ಲಕಾರಗಳ ಒಂದೇ ಆಕೃತಿ! ಗುರುತಿಸುವುದು ಹೇಗೆ? ಸ್ಥಾನದಿಂದ. ಪಿಟ್‌ಮನ್ ಕ್ರಮದಂತೆ ಮೊದಲ ಸ್ವರ ‘ಆ’ ಆದರೆ ಆಕೃತಿಯು ಹಾಳೆಯ ಗೆರೆಗಿಂತ ಮೇಲೆ; ‘ಓ’ ಆದರೆ ಗೆರೆಯನ್ನು ಮುಟ್ಟಿಕೊಂಡು; ‘ಊ’ ಆದರೆ ಗೆರೆಯನ್ನು ಸೀಳಿಕೊಂಡು. ಕೈ ತುಸು ಜಾರಿದರೆ ಕೂಲಿಯು ಕೋಲಾದೀತು. ಪರಿಹಾರ ಬೇಡಿ ಬಂದವನ ಮಾತು ಕಡತದಲ್ಲಿ ಬೇರೆಯೇ ಆದೀತು.

ಆದುದರಿಂದ ಮೊದಲಲ್ಲಿಯೇ ವೇಗದ ಬೆನ್ನು ಹತ್ತಬೇಡಿ. ಗೆರೆಯ ಪುಸ್ತಕ, ಮೆತ್ತನೆಯ ಪೆನ್ಸಿಲು, ದಿನಕ್ಕೆ ತಪ್ಪದೆ ಅರ್ಧ ಗಂಟೆ, ಇಷ್ಟು ಸಾಕು. ಮನೆಯವರಿಂದ ಪತ್ರಿಕೆಯನ್ನು ನಿಧಾನವಾಗಿ ಓದಿಸಿ ಬರೆದುಕೊಳ್ಳಿ. ಬರೆದುದನ್ನು ಅಂದೇ ಪೂರ್ಣಾಕ್ಷರಗಳಲ್ಲಿ ತೆಗೆಯಿರಿ. ಮೂರು ದಿನ ಬಿಟ್ಟು ಅದೇ ಹಾಳೆಯನ್ನು ಮತ್ತೆ ಓದಿ. ತಡವರಿಸಿದ ಪದಗಳನ್ನು ಇಪ್ಪತ್ತು ಸಲ ತಿದ್ದಿ. ಆಕಾಶವಾಣಿಯ ವಾರ್ತೆಯ ವೇಗವನ್ನು ಹಿಡಿಯುವುದು ಆಮೇಲಿನ ಮಾತು.

ಧ್ವನಿಮುದ್ರಣ ಯಂತ್ರಗಳಿರುವ ಈ ಕಾಲದಲ್ಲಿ ಇದೇಕೆ ಎನ್ನುವಿರಾ? 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆಯಾಯಿತು. ನಮ್ಮ ನ್ಯಾಯಾಲಯಗಳಲ್ಲಿ ಶೀಘ್ರಲಿಪಿಗಾರರ ಹುದ್ದೆಗಳು ಇಂದಿಗೂ ಉಂಟು. ಕನ್ನಡ ಶೀಘ್ರಲಿಪಿಗೆ ಸರ್ಕಾರಿ ಪರೀಕ್ಷೆಗಳೂ ನಡೆಯುತ್ತವೆ. ಆ ಮೇಜಿನ ಮುಂದೆ ಕುಳಿತಾಗ ನೆನಪಿರಲಿ: ಎದುರು ನಿಂತವನಿಗೆ ನಿಮ್ಮ ಗೆರೆಗಳನ್ನು ಓದಲು ಬಾರದು. ಅವನು ಆಡಿದ ಮಾತನ್ನೇ ನೀವು ಬರೆದಿರುವಿರೆಂದು ನಂಬಿ ಮನೆಗೆ ಹೋಗುತ್ತಾನೆ.