ಮೊಮ್ಮಗಳು ನನ್ನನ್ನು ಕಂಡರೆ ಅಳುವುದೇಕೆ?

ಪ್ರಶ್ನೆ: ನಾಲ್ಕು ತಿಂಗಳಿದ್ದಾಗ ಯಾರು ಎತ್ತಿಕೊಂಡರೂ ನಗುತ್ತಿದ್ದ ಮೊಮ್ಮಗಳು, ಎಂಟು ತಿಂಗಳಾಗುತ್ತಲೇ ಅಪರೂಪಕ್ಕೆ ಬರುವ ನನ್ನನ್ನು ಕಂಡು ಕಿರುಚುತ್ತಾಳೆ. ಏಕೆ?

ಬೇಸರ ಬೇಡ, ಅವಳ ಬುದ್ಧಿ ಬೆಳೆದಿದೆ. ಎದುರಿನ ಮುಖವನ್ನು ಈಗ ನೆನಪಿನಲ್ಲಿರುವ ಮುಖಗಳೊಂದಿಗೆ ಹೋಲಿಸುತ್ತಾಳೆ, ತಾಳೆಯಾಗದಿದ್ದರೆ ಗಾಬರಿ. ಕಣ್ಮರೆಯಾದದ್ದು ಎಲ್ಲೋ ಇದ್ದೇ ಇರುತ್ತದೆಂದು ತಿಳಿಯತೊಡಗುವ ವಯಸ್ಸೂ ಇದೇ ಎಂದರು ಸ್ವಿಸ್ ಮನೋವಿಜ್ಞಾನಿ ಪಿಯಾಜೆ. ಎಲ್ಲೋ ಇರುವ ಅಮ್ಮನನ್ನು ಕರೆಯಬೇಕಲ್ಲ, ಅದಕ್ಕೇ ಅಳು. ಇದು ಹಟವಲ್ಲ, ಕಾಪಾಡುವವರನ್ನು ಹತ್ತಿರ ಇರಿಸಿಕೊಳ್ಳುವ ಉಪಾಯ ಎಂದು ಬ್ರಿಟನ್ನಿನ ಜಾನ್ ಬೌಲ್ಬಿ 1969ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಗೂಟಕ್ಕೆ ಕಟ್ಟಿದ ಕರುವಿನಂತೆ ಅಮ್ಮನ ಸುತ್ತಲೇ ಮಗುವಿನ ಓಡಾಟ. ಹಗ್ಗ ಮಾತ್ರ ವಯಸ್ಸಿನೊಂದಿಗೆ ಉದ್ದವಾಗುತ್ತ ಹೋಗುತ್ತದೆ. ಹೋದ ಕೂಡಲೇ ಕೈಚಾಚಬೇಡಿ. ಅವಳು ಅಮ್ಮನ ಮಡಿಲಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತು ಗಿಲಕಿ ಆಡಿಸಿ.