ಪ್ರೊಸೆಸರನ್ನರಿತು ಕಂಪೈಲ್ ಮಾಡಿರಿ

ಬಳ್ಳಿಗಾವಿಯ ಕೇದಾರೇಶ್ವರಾಲಯದ ಶಾಸನಶಿಲೆಗಳ ನೂರಾರು ಛಾಯಾಚಿತ್ರಗಳನ್ನು ಸಂಯೋಜಿಸಿ ಮೂರು ಆಯಾಮದ ಪ್ರತಿಕೃತಿಯನ್ನು ರಚಿಸಬಲ್ಲ ತಂತ್ರಾಂಶವನ್ನು ಮೂಲಸಂಕೇತದಿಂದ ತಾವೇ ಕಂಪೈಲ್ ಮಾಡಲೆಳಸುವವರು ಮೊದಲು ನಿಶ್ಚಯಿಸಬೇಕಾದುದು, ಅದು ಓಡತಕ್ಕದ್ದು ಯಾವ ಪ್ರೊಸೆಸರಿನಲ್ಲಿ ಎಂಬುದನ್ನು.

ಜಿಸಿಸಿ ಕಂಪೈಲರಿನ ‘ಮಾರ್ಚ್’ ಆಯ್ಕೆಗೆ ‘ನೇಟಿವ್’ ಎಂದು ಸೂಚಿಸಿದೊಡನೆ, ಅದು ತಾನಿರುವ ಪ್ರೊಸೆಸರಿನ ಲಕ್ಷಣಗಳನ್ನು ವಿಚಾರಿಸಿಕೊಂಡು, ಆ ಪ್ರೊಸೆಸರಿಗೆ ತಿಳಿದಿರುವ ಸಮಸ್ತ ಆದೇಶಗಳನ್ನೂ ನಿಸ್ಸಂಕೋಚವಾಗಿ ಬಳಸತೊಡಗುತ್ತದೆ. ಎವಿಎಕ್ಸ್-2 ಎಂಬ ಆದೇಶಸಮೂಹ ಇದ್ದಲ್ಲಿ 32 ಬಿಟ್ಟಿನ ಎಂಟು ಸಂಖ್ಯೆಗಳ ಸಂಕಲನ ಒಂದೇ ಆದೇಶದಲ್ಲಿ ಮುಗಿಯುತ್ತದೆ. ‘ಎಂಟ್ಯೂನ್’ ಆಯ್ಕೆಯಾದರೋ ಹೊಸ ಆದೇಶಗಳನ್ನು ತಾರದೆ, ಇರುವವನ್ನೇ ಆ ಪ್ರೊಸೆಸರಿಗೆ ಒಗ್ಗುವಂತೆ ಆರಿಸಿ ಜೋಡಿಸುತ್ತದೆ.

2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರತಿಷ್ಠಾಪಿತವಾದ ‘ಪರಮ್ ಪ್ರವೇಗ’ ಎಂಬ ಸೂಪರ್‌ಕಂಪ್ಯೂಟರಿನ ಕ್ಯಾಸ್ಕೇಡ್ ಲೇಕ್ ಪ್ರೊಸೆಸರುಗಳಿಗೆಂದೇ, ಎವಿಎಕ್ಸ್-512 ಸಹಿತವಾಗಿ ಕಟ್ಟಿದ ತಂತ್ರಾಂಶವನ್ನು ಶಿಕಾರಿಪುರದ ಹಳೆಯ ಲ್ಯಾಪ್‌ಟಾಪಿಗೆ ತಂದರೆ, ನಿಧಾನವಾಗಿಯಾದರೂ ಓಡೀತೆಂಬ ಆಸೆ ಬೇಡ: ಆ ಆದೇಶ ಎದುರಾದ ಕ್ಷಣದಲ್ಲಿಯೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಡುತ್ತದೆ.

ಆದುದರಿಂದ ‘ನೇಟಿವ್’ ಎಂಬುದನ್ನು ಸ್ವಂತ ಯಂತ್ರಕ್ಕೆ ಮಾತ್ರ ಮೀಸಲಿಡಿರಿ. ಸೊರಬದ ಗೆಳೆಯರಿಗೂ ಹಂಚುವುದಾದರೆ ‘ಎಕ್ಸ್86-64-ವಿ2’ ಎಂಬ ಸಾಧಾರಣ ಮಟ್ಟವನ್ನು ಆರಿಸಿರಿ. ಎರಡು ಬಗೆಯಲ್ಲಿಯೂ ಕಟ್ಟಿ, ಒಂದೇ ಚಿತ್ರಸಮೂಹವನ್ನು ಕೊಟ್ಟು, ತಗಲುವ ಕಾಲವನ್ನು ಅಳೆದು ನೋಡಿರಿ.