ಮಕ್ಕಳ ವಿದೇಶ ಪ್ರವಾಸ: ಮನೆಯಲ್ಲೇ ಆಗಬೇಕಾದ ತಯಾರಿ



ದೇಶ ಸುತ್ತು, ಕೋಶ ಓದು ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಹಿಂದೆ ಶಾಲೆಯ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಹಂಪಿ, ವಿಜಾಪುರದ ಗೋಳಗುಮ್ಮಟ. ಈಗ ಮಕ್ಕಳ ತಂಡವನ್ನು ಸಿಂಗಾಪುರದಂಥ ದೇಶಕ್ಕೆ ಕರೆದೊಯ್ಯುವ ಶಾಲೆಗಳೂ ಇವೆ. ನಿಮ್ಮ ಮಗಳೋ ಮೊಮ್ಮಗನೋ ಅಂಥದೊಂದು ಚೀಟಿ ಹಿಡಿದು ಮನೆಗೆ ಬಂದರೆ ಮೊದಲು ಏನು ಮಾಡುತ್ತೀರಿ? ಹಣ ಹೊಂದಿಸುವುದು ಹೇಗೆಂದು ಯೋಚಿಸುತ್ತೀರಿ. ಆದರೆ ಗಡಿನಾಡಿನವರಾದ ನಾವು ಹಣಕ್ಕಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಅದು ಮಗುವಿನ ಹೆಸರು. ಸಿಂಗಾಪುರದ ಪ್ರವಾಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುತ್ತೇನೆ.

ನಮ್ಮ ಮಕ್ಕಳ ಹೆಸರು ಮನೆಯಲ್ಲಿ ಕನ್ನಡ. ಪಂಚಾಯತಿಯ ಕಡತದಲ್ಲಿ ಅದು ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಗುತ್ತದೆ. ಅಲ್ಲಿಂದ ಇಂಗ್ಲಿಷಿಗೆ ಹೋಗುತ್ತದೆ. ಕಾಸರಗೋಡಿನ ರಮೇಶ ಮಲಯಾಳದಲ್ಲಿ ರಮೇಶನ್ ಆಗಬಹುದು. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಹೀಗಾಗಿ ತಾಳವಾಡಿಯ ಗಿರೀಶ ಇಂಗ್ಲಿಷಿನಲ್ಲಿ ಕಿರೀಶನಾದರೆ ಆಶ್ಚರ್ಯವಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರುತ್ತವೆ. ಒಂದು ಕಾಗದದಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಆದವಾನಿ, ರಾಯದುರ್ಗದ ಕಡೆ ಮನೆತನದ ಹೆಸರು ಒಂದೇ ಅಕ್ಷರವಾಗಿ ಮುಂದೆ ಕೂತಿರುತ್ತದೆ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಪಾಸ್‌ಪೋರ್ಟಿನ ಕಚೇರಿಯಲ್ಲಿ ಮಾತ್ರ ಒಂದು ಅಕ್ಷರದ ವ್ಯತ್ಯಾಸಕ್ಕೂ ಅರ್ಜಿ ನಿಂತುಹೋಗಬಹುದು. ಚೆನ್ನಾಗಿ ಓದುವ ಮಗು ಕಾಗದದ ಕಾರಣಕ್ಕೆ ಮನೆಯಲ್ಲೇ ಉಳಿದು, ಜೊತೆಯವರು ಹೊರಡುವುದನ್ನು ನೋಡಬೇಕಾಗಿ ಬಂದರೆ ಅದಕ್ಕಿಂತ ನೋವು ಬೇರೆಯಿಲ್ಲ.

ಆದ್ದರಿಂದ ಈ ದಿನವೇ ಒಂದು ಕೆಲಸ ಮಾಡಿ. ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಕಾರ್ಡು, ಶಾಲೆಯ ದಾಖಲೆ ಮೂರನ್ನೂ ಪಕ್ಕಪಕ್ಕ ಇಡಿ. ಒಂದು ಹಾಳೆಯ ಮೇಲೆ ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು, ತಾಯಿಯ ಹೆಸರು ಈ ನಾಲ್ಕನ್ನು ಮೂರು ಕಾಗದಗಳಲ್ಲಿ ಇದ್ದಂತೆಯೇ ಅಕ್ಷರಕ್ಕೆ ಅಕ್ಷರ ಇಳಿಸಿಕೊಳ್ಳಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕೆಂಪು ಗೆರೆ ಎಳೆಯಿರಿ. ಜನನ ನೋಂದಣಿಯಲ್ಲಿ ತಪ್ಪಿದ್ದರೆ ಅದನ್ನು ಮೊದಲು ಸರಿಪಡಿಸಿ, ಆಮೇಲೆ ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿ. ಕೆಲವು ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಅದನ್ನು ಸೇರಿಸಲು ಕಾಲಮಿತಿ ಉಂಟು, ತಡಮಾಡಬೇಡಿ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಹೇಗೆ ಬಿಡಿಸಬೇಕೆಂದು ಮನೆಯವರೆಲ್ಲ ಕೂತು ಒಮ್ಮೆ ತೀರ್ಮಾನಿಸಿ, ಮತ್ತೆ ಬದಲಿಸಬೇಡಿ.

ಇನ್ನು ಪಾಸ್‌ಪೋರ್ಟು. ಮಕ್ಕಳ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1000 ರೂಪಾಯಿ. ಅದು 5 ವರ್ಷ ಅಥವಾ 18 ತುಂಬುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ತಂದೆತಾಯಿ ಇಬ್ಬರ ಒಪ್ಪಿಗೆಯ ಸಹಿ ಬೇಕು. ತಂದೆ ದುಡಿಯಲು ದೂರದ ಊರಿಗೋ ಕೊಲ್ಲಿ ದೇಶಕ್ಕೋ ಹೋಗಿದ್ದರೆ ಆ ಸಹಿಗೇ ದಿನಗಳು ಹಿಡಿಯುತ್ತವೆ. ಮಗುವೂ ಖುದ್ದಾಗಿ ಹೋಗಬೇಕು. 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು. ಪೊಲೀಸ್ ಪರಿಶೀಲನೆ ಇದ್ದರೆ ಅದು ನಿಮ್ಮ ವಿಳಾಸದಲ್ಲೇ ಆಗುತ್ತದೆ. ಸಿಂಗಾಪುರಕ್ಕೆ ಹೋಗುವ ದಿನದಿಂದ ಕಡೇಪಕ್ಷ 6 ತಿಂಗಳು ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು. ವೀಸಾ ಕೊನೆಯ ತಿಂಗಳಿನ ಕೆಲಸ. ಪಾಸ್‌ಪೋರ್ಟು ಆರು ತಿಂಗಳು ಮೊದಲೇ ಮುಗಿಯಬೇಕಾದ ಕೆಲಸ. ವಿಮಾನದ ಟಿಕೆಟಿನಲ್ಲಿಯೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರಬೇಕು.

ಈಗ ಹಣದ ಮಾತು. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತವನಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಬೆಳೆಸಾಲದ ಹಣವನ್ನು ಪ್ರವಾಸಕ್ಕೆ ಕಟ್ಟಬೇಡಿ. ಬೆಳೆ ಕೈಕೊಟ್ಟರೆ ಎರಡೂ ಕಡೆ ನಷ್ಟ. ಹಣ ಕೊಟ್ಟ ಪ್ರತಿ ಸಲವೂ ರಸೀದಿ ಪಡೆಯಿರಿ. ವೀಸಾ ಸಿಗದಿದ್ದರೆ, ಮಗುವಿಗೆ ಜ್ವರ ಬಂದರೆ ಎಷ್ಟು ಹಣ ವಾಪಸು ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. 2020ರ ಅಕ್ಟೋಬರ್ 1ರಿಂದ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿ.ಸಿ.ಎಸ್. ಎಂಬ ತೆರಿಗೆಯನ್ನು ಪ್ರವಾಸದ ಕಂಪನಿಯವರು ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಅದರ ದರ ಆಗಾಗ ಬದಲಾಗುತ್ತದೆ. ಆ ಹಣ ಯಾರ ಪಾನ್ ನಂಬರಿಗೆ ಜಮೆಯಾಯಿತೆಂದು ಕೇಳಿಕೊಳ್ಳಿ. ನಿಮ್ಮ ನಂಬರಿಗೆ ಜಮೆಯಾಗಿದ್ದು, ನಿಮಗೆ ಆದಾಯ ತೆರಿಗೆ ಬೀಳದಿದ್ದರೆ, ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು. ಸಲ್ಲಿಸದಿದ್ದರೆ ಆ ಹಣ ಹೋದಂತೆಯೇ.

ಪೆಟ್ಟಿಗೆ ಕಟ್ಟುವಾಗ ಅಜ್ಜಿಯಂದಿರೂ ಸ್ವಲ್ಪ ಕೇಳಬೇಕು. ಸಿಂಗಾಪುರದಲ್ಲಿ ಗಸಗಸೆಯ ಮೇಲೆ ನಿರ್ಬಂಧವಿದೆ. ಅದು ಸೇರಿದ ಮಸಾಲೆ ಪುಡಿ ಬೇಡ. ಚ್ಯೂಯಿಂಗ್ ಗಮ್ ತರುವುದನ್ನು ಅಲ್ಲಿ 1992ರಲ್ಲೇ ನಿಷೇಧಿಸಿದ್ದಾರೆ. ಜೊತೆಗೆ ಹೋಗುವ ದೊಡ್ಡವರ ಜೇಬಿನಲ್ಲಿ ಗುಟ್ಕಾ, ಜಗಿಯುವ ತಂಬಾಕು ಇರಲೇಕೂಡದು. ಮಗು ದಿನವೂ ಔಷಧಿ ತೆಗೆದುಕೊಳ್ಳುವುದಾದರೆ ವೈದ್ಯರ ಚೀಟಿ ಸಮೇತ ಕೊಡಿ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಮನೆಯಲ್ಲಿ, ಒಂದು ಶಿಕ್ಷಕರ ಬಳಿ ಇರಲಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನೀವು ರಾತ್ರಿ ಹತ್ತಕ್ಕೆ ಫೋನು ಮಾಡಿದರೆ ಅಲ್ಲಿ ಹನ್ನೆರಡೂವರೆ, ಮಗು ಮಲಗಿರುತ್ತದೆ.

ಕಾಗದ, ಹಣ, ಪೆಟ್ಟಿಗೆ ಆಯಿತು. ಮಗುವಿನ ಮನಸ್ಸನ್ನೂ ಸಿದ್ಧಗೊಳಿಸಬೇಕು. ಇಲ್ಲದಿದ್ದರೆ ಎತ್ತರದ ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಂಡು ಬರುವುದಷ್ಟೇ ಆಗುತ್ತದೆ. ಸಿಂಗಾಪುರಕ್ಕೆ ಕುಡಿಯುವ ನೀರು ಸಾಲದು. 1962ರ ಒಪ್ಪಂದದಂತೆ ಪಕ್ಕದ ಮಲೇಷ್ಯಾದ ಜೋಹೋರಿನಿಂದ ನೀರು ಕೊಳ್ಳುತ್ತಾರೆ. ಆ ಒಪ್ಪಂದ 2061ರವರೆಗೆ ಇದೆ. ಬಳಸಿದ ನೀರನ್ನೇ ಶುದ್ಧಮಾಡಿ ಮತ್ತೆ ಬಳಸುತ್ತಾರೆ. ಸಮುದ್ರದ ಬಾಯಿಯಲ್ಲಿ ಮರೀನಾ ಬ್ಯಾರೇಜ್ ಎಂಬ ಕಟ್ಟೆ ಕಟ್ಟಿ 2008ರಿಂದ ಮಳೆನೀರು ಹಿಡಿಯುತ್ತಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಗೊತ್ತಿರುವ ಜತ್ತದ ಮಗು ಆ ಕಟ್ಟೆಯ ಮುಂದೆ ನಿಂತು ಕೇಳುವ ಪ್ರಶ್ನೆಗೆ ತೂಕವಿರುತ್ತದೆ. ಹೊರಡುವ ಮೊದಲು ನಮ್ಮೂರಿಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮಗುವಿನಿಂದ ಎರಡು ಪುಟ ಬರೆಸಿ. ಬಂದ ಮೇಲೆ ಅಲ್ಲಿಯದನ್ನು ಎರಡು ಪುಟ ಬರೆಸಿ, ಶಾಲೆಯಲ್ಲಿ ಹೋಗಲಾಗದ ಮಕ್ಕಳ ಮುಂದೆ ಓದಿಸಿ. ಪ್ರವಾಸದ ಫಲ ಆಗ ಎಲ್ಲರಿಗೂ ಸಿಗುತ್ತದೆ.

ಅಲ್ಲಿಯ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ನೀಲಗಿರಿಯ, ಹೊಸೂರಿನ ಕನ್ನಡದ ಮಕ್ಕಳು ಅಲ್ಲಿ ತಮಿಳು ಬೋರ್ಡು ಓದಿ ಜೊತೆಯವರಿಗೆ ದಾರಿ ಹೇಳಬಲ್ಲರು. ಎರಡು ಭಾಷೆಯ ನಡುವೆ ಬೆಳೆಯುವುದು ಮಗುವಿಗೆ ಬಲವೇ. ಕಾಗದದಲ್ಲಿ ಮಾತ್ರ ಅದು ತೊಡಕಾಗದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಹೊಣೆ. ಶಾಲೆಯ ಚೀಟಿ ಬರುವ ತನಕ ಕಾಯಬೇಡಿ. ಮೂರು ಕಾಗದಗಳನ್ನು ಇಂದು ರಾತ್ರಿ ಊಟವಾದ ಮೇಲೆ ತೆಗೆದು ನೋಡಿ.